ನಾಯಕಿ ಸಾಯಬೇಕಂತೆ

ನನ್ನ ಕಾದಂಬರಿಯ ಹಸ್ತಪ್ರತಿ ಓದಿದ ಸಂಪಾದಕರು ಫೋನಿನಲ್ಲಿ ಬಹಳ ಮೃದುವಾಗಿ ಹೇಳಿದರು. "ಕೊರೊನಾ ಕಾಲದ ವಿವರವೆಲ್ಲ ಚೆನ್ನಾಗಿದೆ ಮೇಡಂ. ಆದರೆ ನಿಮ್ಮ ನಾಯಕಿ ಏನೂ ಮಾಡುವುದಿಲ್ಲವಲ್ಲ. ಸ್ವಂತ ಅಕ್ಕನ ಸಾವಿಗೂ ಹೋಗುವುದಿಲ್ಲ. ಅವಳು ಕದ್ದು ಹೋಗಿ ಅಕ್ಕನ ಹೆಣ ಅಪ್ಪಿಕೊಳ್ಳಲಿ. ಕೊನೆಗೆ ಅವಳೂ ಸಾಯಲಿ. ಆಗ ಓದುಗರ ಕಣ್ಣು ಒದ್ದೆಯಾಗುತ್ತದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾರದೋ ಕಣ್ಣು ಒದ್ದೆಯಾಗಲಿ ಎಂದು ನಾನು ಚಿಕ್ಕಮ್ಮನನ್ನು ಕೊಲ್ಲಬೇಕೇ? ಆ ನಾಯಕಿ ನನ್ನ ಚಿಕ್ಕಮ್ಮ. ಹುತ್ತೂರಿನ ಹತ್ತಿರ ನಮ್ಮ ಬೀದಿಯಲ್ಲೇ ಇದ್ದಾಳೆ, ಇವತ್ತಿಗೂ ರೇಷ್ಮೆ ಹುಳು ಮೇಯಿಸುತ್ತಾಳೆ.

ನಮ್ಮ ಕಡೆ ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಹುಳುವಿಗೆ ರೋಗ ಬಿದ್ದ ಮನೆಯವರು ಬಂದರಂತೂ ಹೊಸಿಲಾಚೆಯೇ ಮಾತಾಡಿಸಿ ಕಳಿಸುತ್ತಾರೆ. ಬೀಗರಾದರೂ ಅಷ್ಟೆ. ಅದಕ್ಕೆ ಯಾರೂ ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ. "ಹುಳು ಐತೆ ಬಿಡು" ಎಂದು ಅವರೇ ದೂರ ನಿಲ್ಲುತ್ತಾರೆ.

ಎರಡನೇ ಅಲೆಯಲ್ಲಿ ಶ್ರೀನಿವಾಸಪುರದ ಕಡೆಯಿದ್ದ ದೊಡ್ಡಮ್ಮ, ಅಂದರೆ ಚಿಕ್ಕಮ್ಮನ ಅಕ್ಕ, ಕೊರೊನಾದಿಂದ ತೀರಿಕೊಂಡಳು. ಆ ಮನೆಯಲ್ಲಿ ಉಳಿದವರೂ ಕೆಮ್ಮುತ್ತಿದ್ದರು. ಆದರೆ ಮಣ್ಣಿಗೆ ಹೋಗದಿದ್ದರೆ ನಮ್ಮಲ್ಲಿ ಸಂಬಂಧವೇ ಹರಿದಂತೆ. ಸುದ್ದಿ ಬಂದದ್ದೇ ತಡ, ಬೀದಿಯವರೆಲ್ಲ ಟೆಂಪೋ ಹತ್ತಿದರು. ನಾನೂ ಹತ್ತಿದೆ. ಹುಳುವಿಗೆ ಸೊಪ್ಪು ಹಾಕುತ್ತಿದ್ದ ಚಿಕ್ಕಮ್ಮ ಹಾಗೇ ಎದ್ದು ಬಂದು ಟೆಂಪೋ ಮುಂದೆ ನೆಲದ ಮೇಲೆ ಕೂತಳು.

"ಅಕ್ಕ ನನ್ನೋಳು. ನಾನೇ ಹೋಗ್ತಿಲ್ಲ, ನೀವ್ಯಾಕೆ ಹೋಗ್ತೀರ? ಹುಳಕ್ಕಾದ್ರೆ ದೂರ ನಿಲ್ತೀರ, ಮನುಷ್ಯರಿಗೆ ನಿಲ್ಲಲ್ವಾ?"

ಒಬ್ಬ ಮುದುಕ "ರಾತಿ ಗುಂಡೆ" ಎಂದು ತೆಲುಗಿನಲ್ಲಿ ಗೊಣಗಿದ. ಕಲ್ಲೆದೆಯವಳಂತೆ. ಅವಳು ಏಳಲಿಲ್ಲ. ಬಿಸಿಲೇರಿತು, ಅಲ್ಲಿ ಮಣ್ಣು ಮಾಡಿದರೆಂದು ಫೋನು ಬಂತು, ಜನ ಬೈಯುತ್ತ ಇಳಿದರು. ಆಮೇಲೆ ಅವಳು ಹುಳು ಮನೆಯ ಬಾಗಿಲು ಹಾಕಿಕೊಂಡು ಅತ್ತದ್ದು ಹೊರಗೆ ನಿಂತಿದ್ದ ನನಗೆ ಕೇಳಿಸುತ್ತಿತ್ತು.

ಮುಳಬಾಗಿಲಿನಿಂದ ಆ ಮಣ್ಣಿಗೆ ಹೋಗಿಬಂದ ನೆಂಟರು ಹಾಸಿಗೆ ಹಿಡಿದರು, ಅವರಲ್ಲೊಬ್ಬ ಮಾವ ಉಳಿಯಲಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದಕ್ಕೆ ಯಾರು ಹಾರ ಹಾಕುತ್ತಾರೆ? ಹೆಣದ ಮೇಲೆ ಬಿದ್ದು ಅತ್ತು ರೋಗವನ್ನು ಮನೆಗೆ ತಂದವರು ಕರುಳುಳ್ಳವರು, ಅಳುವನ್ನು ನುಂಗಿಕೊಂಡು ರಸ್ತೆಯಲ್ಲಿ ಕೂತವಳು ಕಲ್ಲು. ಇದ್ಯಾವ ನ್ಯಾಯ? ಊರಿನವರು ಹೋಗಲಿ, ನಾಲ್ಕಕ್ಷರ ಓದಿದ ಸಂಪಾದಕರಿಗೂ ಅದೇ ಬುದ್ಧಿ.

ದೊಡ್ಡಮ್ಮನ ಮಗ ಅಂದಿನಿಂದ ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದಾನೆ. ಮೊನ್ನೆ ಮಗಳ ಮದುವೆ ಪತ್ರಿಕೆ ಹಂಚಲು ಬಂದ. ಅವತ್ತು ಟೆಂಪೋ ಹತ್ತಿದ್ದವರ ಮನೆಗೆಲ್ಲ ಕೊಟ್ಟ, ಅವಳ ಮನೆ ಮಾತ್ರ ದಾಟಿಕೊಂಡು ಹೋದ. ನಾನು ಅಡ್ಡಗಟ್ಟಿ ಕೇಳಿದೆ.

"ಅಮ್ಮನ ಮಣ್ಣಿಗೆ ಬರ್ದೇ ಇದ್ದೋಳು ಮದುವೆಗ್ಯಾಕೆ?" ಎಂದ. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು.

ನಮ್ಮ ಮನೆಗೆ ಕೊಟ್ಟ ಪತ್ರಿಕೆಯನ್ನು ಚಿಕ್ಕಮ್ಮ ಕೇಳಿ ಇಸಕೊಂಡಳು. ಮೇಲ್ಗಡೆ ತೀರಿಕೊಂಡ ಹಿರಿಯರ ಹೆಸರುಗಳಿದ್ದವು. ಅಕ್ಕನ ಹೆಸರಿನ ಮೇಲೆ ಬೆರಳಿಟ್ಟಳು. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಸಂಪಾದಕರ ಮಾತು ಹೇಳಿದೆ, ನಾಯಕಿ ಸಾಯಬೇಕಂತೆ ನೋಡು ಎಂದು. ಅವಳು ನಗಲಿಲ್ಲ.

"ಅವರು ಹೇಳಿದ್ದು ಸರೀನೆ ಕಣೇ. ಸತ್ತಿದ್ರೆ ಇಲ್ಲಿ ಅಕ್ಕನ ಪಕ್ಕ ನನ್ನ ಹೆಸರೂ ಇರ್ತಿತ್ತು."