ತುಂಬಿದ ಬೆಂಚುಗಳ ಲೆಕ್ಕ

ಅಕ್ಕ ಮುರ್ಡೇಶ್ವರದಲ್ಲಿ ಸಣ್ಣ ಹೋಟೆಲು ತೆರೆದಳು. ಜನರೆಲ್ಲ ಎದುರಿನ ದೊಡ್ಡ ಹೋಟೆಲಿಗೆ ನುಗ್ಗುತ್ತಿದ್ದರು; ಇವಳ ಬೆಂಚುಗಳು ಖಾಲಿ. ಈ ತಿಂಗಳೂ ಹೀಗೇ ಹೋದರೆ ಬಾಗಿಲು ಹಾಕಿ, ಮತ್ತೆ ಕುಮಟಾದ ಗೇರುಬೀಜದ ಫ್ಯಾಕ್ಟರಿಗೆ ಹೋಗುವೆನೆಂದಳು.

ನಾನು ಹೊನ್ನಾವರದಲ್ಲಿ ಗಣಿತದ ಮೇಷ್ಟ್ರು. ಗುಂಪಿನಲ್ಲಿ ಅಭಿಪ್ರಾಯ ಹೇಗೆ ಹರಡುತ್ತದೆಂಬ ಮಾದರಿಗಳು ನನ್ನ ಹುಚ್ಚು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚುಕ್ಕೆಗಳನ್ನಿಟ್ಟು ವಿವರಿಸಿದೆ: ಖಾಲಿ ಹೋಟೆಲಿಗೆ ಬರುವವರು ಅಪರೂಪ. ಇಬ್ಬರಿದ್ದರೆ ಬರುವವರು ಕೆಲವರು, ಹತ್ತು ಜನರನ್ನು ಕಂಡಮೇಲೇ ಬರುವವರು ಬಹಳ. ಮೊದಲಿನವರು ಸಿಕ್ಕರೆ ಉಳಿದವರನ್ನು ಅವರೇ ಎಳೆಯುತ್ತಾರೆ.

"ಮೊದ್ಲಿನವ್ರು ಎಲ್ಲಿ ಸಿಗ್ತಾರೋ ತಮ್ಮಾ, ಈ ಚುಕ್ಕೆ ಒಳ್ಗಾ?"

"ಭಟ್ಕಳದಲ್ಲಿ," ಎಂದೆ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಮನೆಮಂದಿಯನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದಳು. ಮಳೆಯಿತ್ತೆಂದು ನನ್ನ ನೆನಪು, ಇರಲಿಲ್ಲವೆಂದು ಅಕ್ಕ. ಹೇಳಿ ಹೇಳಿ ನಮ್ಮ ಮನೆಯ ನೆನಪುಗಳೂ ಒಂದೇ ಕಡೆ ವಾಲುತ್ತವೆ. ಆದ್ದರಿಂದ ಎಲ್ಲರೂ ಒಪ್ಪುವ ಭಾಗದ ಮೇಲೆಯೇ ನನಗೆ ಹೆಚ್ಚು ಅನುಮಾನ. ಮುಂದಿನದನ್ನು ಎಲ್ಲರೂ ಒಪ್ಪುತ್ತಾರೆ.

ನಮ್ಮವರು ಗಿರಾಕಿಗಳಂತೆ ಕೂತು, ಬಾಳೆಹಣ್ಣು ಕಲಸಿ ಕರಿದ ಬನ್ಸು ತಿನ್ನತೊಡಗಿದರು. ದೇವಸ್ಥಾನದಿಂದ ಬಂದ ಗುಂಪೊಂದು ಇಣುಕಿತು. "ಜಾಗ ಇಲ್ಲ," ಎನ್ನುತ್ತ ಅವರು ಎದುರಿನ ಹೋಟೆಲಿಗೆ ಹೋದರು. ಹಿಂದೆ ಬಂದವರೂ ಅಷ್ಟೇ. ನನ್ನ ಮಾದರಿಯಲ್ಲಿ ಬೆಂಚುಗಳೇ ಇರಲಿಲ್ಲ.

"ಚಿಕ್ಕಮ್ಮ, ಸ್ವಲ್ಪ ಎದ್ದೇಳು."

"ಕರ್ದದ್ದೂ ನೀನೇ, ಎಬ್ಸೂದೂ ನೀನೇ? ಚಾ ಬರ್ಲಿಲ್ಲ ಇನ್ನೂ!"

"ಅರ್ಧ ಜನ ಎದ್ರೆ ಸಾಕು."

"ಯಾವ ಅರ್ಧ?" ಎಂದ ಚಿಕ್ಕಪ್ಪ, ಇನ್ನೊಂದು ಬನ್ಸು ಮುರಿಯುತ್ತ. ಬೇರೆಯವರು ಏಳಲಿ ಎಂದು ಪ್ರತಿಯೊಬ್ಬರೂ ಕಾದರು. ಯಾರೂ ಏಳಲಿಲ್ಲ.

ಅಕ್ಕ ಜಾಲರಿ ಸೌಟು ಹಿಡಿದೇ ಹೊರಬಂದಳು. "ಮನೆಯವ್ರೆಲ್ಲ ತಟ್ಟೆ ಹಿಡ್ಕಂಡು ಹೊರಗೆ ನಿಂತ್ಕಳಿ!"

ಎಲ್ಲರೂ ಒಟ್ಟಿಗೇ ಎದ್ದರು. ಒಳಗೆ ಬೆಂಚು ಖಾಲಿ, ಬಾಗಿಲಲ್ಲಿ ತಿನ್ನುವ ಜನ. ಮುಂದಿನ ಗುಂಪಿನ ಹೆಂಗಸೊಬ್ಬರು ಚಿಕ್ಕಮ್ಮನನ್ನು ಕೇಳಿದರು, "ಇಲ್ಲಿ ಏನು ಚೆನ್ನಾಗಿರುತ್ತೆ?"

"ಎಂತ ಕೇಳ್ತ್ರಿ, ಒಳಗೆ ಹೋಗಿ ಕೂತ್ಕಳಿ. ಜಾಗ ಈಗಷ್ಟೇ ಖಾಲಿ ಆತು, ನಮ್ಗೇ ಸಿಕ್ಕಿರ್ಲಿಲ್ಲ!"

ಅವರು ಹೋಗಿ ಕೂತರು. ಅವರನ್ನು ಕಂಡು ಇನ್ನೊಂದು ಗುಂಪು. ಅವರಲ್ಲಿ ಕೆಲವರು ಎರಡನೇ ಸಲ ಬನ್ಸು ಕೇಳಿದರು. ಅದಕ್ಕೆ ನನ್ನ ಚುಕ್ಕೆಗಳಾಗಲಿ ಚಿಕ್ಕಮ್ಮನಾಗಲಿ ಕಾರಣವಲ್ಲ. ಮಧ್ಯಾಹ್ನದೊಳಗೆ ಹಿಟ್ಟು ಖಾಲಿ.

ಅಕ್ಕ ಖಾಲಿ ಪಾತ್ರೆ ತಂದು ನನ್ನ ಮುಂದಿಟ್ಟಳು. "ನಾಳೆಗೆ ಎಷ್ಟು ಕಲ್ಸೂದು? ಅದ್ರ ಲೆಕ್ಕ ಹೇಳು."

ನಾಳೆ ಸೋಮವಾರ; ಭಟ್ಕಳದವರು ಬರುವುದಿಲ್ಲ. ನನಗೆ ಏನೂ ಗೊತ್ತಿರಲಿಲ್ಲ.

"ಇವತ್ತಿನಷ್ಟೇ," ಎಂದೆ.

"ಆತು," ಎಂದು ಅವಳು ಬಾಳೆಹಣ್ಣು ತರಲು ಹೊರಟೇಬಿಟ್ಟಳು.