ಮಂಜಿನೊಳಗೆ ಮುಳ್ಳು ನಂಬಬೇಕೋ, ಮೈ ನಂಬಬೇಕೋ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ವಾರ ನಮ್ಮೂರು ತಂಬೂರಿನ ಹೊಲದಲ್ಲಿ ಕಂಡವರ ಕುರಿಹಿಂಡನ್ನು ನೀರಿಗೆ ಇಳಿಸಲು ಹೊರಟಿದ್ದ ಪುಣ್ಯಾತ್ಮ ನಾನೇ. ಮುಂದೆ ನಾನು, ಹಿಂದೆ ಕುರಿಗಳು. (ಇದರಲ್ಲಿ ದೊಡ್ಡ ಕುರಿ ಯಾರೆಂದು ಕೇಳಬೇಡಿ. ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ.)

ಶುರುವಾದದ್ದು ಕಾಕಾನ ಮಗಳು ವಿಜಿಯಿಂದ. ಪೈಲಟ್ ತರಬೇತಿಯಲ್ಲಿದ್ದಾಳೆ. ಇತ್ತೀಚೆಗಷ್ಟೇ ಪಕ್ಕದಲ್ಲಿ ಗುರುಗಳಿಲ್ಲದೆ ಒಬ್ಬಳೇ ವಿಮಾನ ಹಾರಿಸಿ, ಇಳಿಸಿ, ರಜೆಗೆ ಬಂದಿದ್ದಳು. ಬರುವಾಗ ತಲೆಯೊಳಗೊಂದು ಹುಳ ತಂದಿದ್ದಳು. ಹೊರಗೆ ಏನೂ ಕಾಣದಿದ್ದಾಗ ಎದುರಿನ ಡಯಲುಗಳನ್ನಷ್ಟೇ ನಂಬಿ ಹಾರಿಸುವ ವಿದ್ಯೆಯಿದೆಯಲ್ಲ, ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್, ಅದನ್ನು ಈಗಲೇ ಶುರು ಮಾಡಬೇಕೋ? ಇಲ್ಲ, ಇನ್ನಷ್ಟು ತಾಸು ಕಣ್ಣಾರೆ ನೋಡಿ ಹಾರಿಸಿ ಪಳಗಿದ ಮೇಲೋ? ಒಬ್ಬ ಗುರು ‘ಈಗಲೇ’ ಎಂದರಂತೆ. ಇನ್ನೊಬ್ಬರು ‘ಮೊದಲು ಕಿಟಕಿಯಾಚೆ ನೋಡಲು ಕಲಿ’ ಎಂದರಂತೆ. ಸೋಮವಾರದೊಳಗೆ ಉತ್ತರ ಕೊಡಬೇಕು. ಉತ್ತರ ತಪ್ಪಾದರೆ ಹೋಗುವುದು ಮಾರ್ಕ್ಸ್ ಅಲ್ಲ.

ನನ್ನನ್ನು ಕೇಳಿದಳು. (ಅಂಕಣ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆಂಬ ಮೂಢನಂಬಿಕೆ ನಮ್ಮ ಮನೆಯಲ್ಲೂ ಇದೆ.) ನಾನು ಮೂಗು ಹಿಡಿದುಕೊಂಡು ಕಂಟ್ರೋಲ್ ಟವರಿನ ದನಿ ಮಾಡಿದೆ. “ಡಯಲ್ ನೋಡ್ಕೋತ ಹಾರಸೂದು ಯಾವ ಸೀಮಿ ಹಾರಸೂದಬೇ? ಮನ್ಯಾಗ ಕುಂತು ಗಡಿಯಾರ ನೋಡು, ಅಷ್ಟ ಆತು.”

“ಮೋಡದಾಗ ಹೊಕ್ರ ಮೈ ಸುಳ್ಳ ಹೇಳ್ತೈತಿ ಅಣ್ಣಾ. ವಿಮಾನ ವಾಲಿದ್ರೂ ಸೀದಾ ಹೊಂಟೇವಿ ಅನಸ್ತೈತಿ. ಕಿವಿನೂ ಮೋಸ ಮಾಡ್ತೈತಿ.”

“ನನ್ನ ಕಿವಿಯೇನ? ಅಗದಿ ಪಕ್ಕಾ ಐತಿ. ಊರಮಂದಿ ದನಿ ಎಲ್ಲಾ ಇದರಾಗ ತುಂಬೈತಿ.”

ಮರುದಿನ ಮುಂಜಾನೆ ದಟ್ಟ ಮಂಜು. ಚಾಚಿದ ಕೈಯ ಬೆರಳು ಮಸುಕಾಗುವಷ್ಟು. ಗೋವಿನಜೋಳ ತೆಗೆದ ನಮ್ಮ ಹೊಲದಲ್ಲಿ ಕುರಿ ಕಾಯುವ ಮುದುಕಿ ಯಲ್ಲವ್ವ ಆಯಿಯ ಹಿಂಡನ್ನು ತರುಬಿ ತಂಗಿಸಿದ್ದೆವು. ನಾಲ್ಕು ದಿನ ಹಿಂಡು ಅಲ್ಲಿ ಮಲಗಿದ್ದರೆ ಹೊಲಕ್ಕೆ ಗೊಬ್ಬರ. ಕುರಿಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಕೂಗು. ಕುರಿ ತನ್ನವರ ಕೂಗಿಗಷ್ಟೇ ತಲೆ ಎತ್ತುತ್ತದೆ. ಆಯಿಯ ಬಾಜು ಮೂರು ದಿನ ಕೂತು ಅವಳ ಕೂಗನ್ನು ನಾನು ಕಲಿತಿದ್ದೆ. “ಹುರ್ರ್ಯೋ... ಬಾ ಬಾ ಬಾ!”

ಪಂದ್ಯ ಕಟ್ಟಿದವನೂ ನಾನೇ. ಕುರಿದಡ್ಡಿಯಿಂದ ರಸ್ತೆಬದಿಯ ಬೇವಿನ ಮರದವರೆಗೆ ಇನ್ನೂರು ಹೆಜ್ಜೆ. ವಿಜಿ ಮೊಬೈಲಿನ ದಿಕ್ಸೂಚಿಯ ಮುಳ್ಳು ನೋಡಿಕೊಂಡು ಹೋಗಬೇಕು. ನಾನು ಬರಿ ಅಂದಾಜಿನ ಮೇಲೆ. ಹುಟ್ಟಿದಾಗಿನಿಂದ ತುಳಿದ ಹೊಲ, ತಪ್ಪುವುದು ಹೇಗೆ?

ಹೊರಟೆವು. ಹತ್ತು ಹೆಜ್ಜೆಗೆ ಅವಳು ಮಾಯ.

ಇನ್ನೂರು ಹೆಜ್ಜೆ ಎಣಿಸಿದೆ. ಮರವಿಲ್ಲ. ಇನ್ನೂ ನೂರು. ಮರವಿಲ್ಲ. ಹಕ್ಕಿಯಿಲ್ಲ, ರಸ್ತೆಯಲ್ಲಿ ಗಾಡಿಯ ಸದ್ದಿಲ್ಲ. ನನ್ನ ಉಸಿರು ಮಾತ್ರ, ಅದೂ ಪಕ್ಕದಲ್ಲಿ ಬೇರೆ ಯಾರೋ ಬಿಡುತ್ತಿರುವಂತೆ. ಆಗ ಕಾಲ ಬುಡದಲ್ಲಿ ಕಂಡದ್ದು ಹೆಜ್ಜೆಗುರುತು. ಹಸಿ ಮಣ್ಣಿನಲ್ಲಿ ಆಗಷ್ಟೇ ಬಿದ್ದದ್ದು. ನನ್ನ ಮುಂದೆ ಯಾರೋ ನಡೆದು ಹೋಗಿದ್ದಾರೆ! ಬಗ್ಗಿ ನೋಡಿದೆ. ಎಡಗಾಲಿನ ಹಿಮ್ಮಡಿಯ ಕಡೆ ಚಪ್ಪಲಿ ಹರಿದಿತ್ತು.

ನನ್ನ ಎಡಗಾಲ ಚಪ್ಪಲಿಯೂ ಅಲ್ಲೇ ಹರಿದಿದೆ.

ನೇರ ನಡೆಯುತ್ತೇನೆಂದುಕೊಂಡವನು ದುಂಡಗೆ ಸುತ್ತಿ ನನ್ನ ಬೆನ್ನಿಗೇ ಬಂದಿದ್ದೆ. ಆಗ ಹೊಳೆಯಿತು ಘನ ಉಪಾಯ. ಆಯಿಯ ಕೂಗು ಹಾಕಿದರೆ ಕುರಿ ಅರಚುತ್ತವೆ, ದಡ್ಡಿ ಯಾವ ಕಡೆಗಿದೆಯೆಂದು ತಿಳಿಯುತ್ತದೆ. ಕೂಗಿದೆ. ಕುರಿ ಅರಚಲಿಲ್ಲ. ಆದರೆ ಮುಂದಿನ ಬಿಳುಪಿನೊಳಗಿಂದ ಅದೇ ಕೂಗು ತಿರುಗಿ ಬಂತು. “ಹುರ್ರ್ಯೋ... ಬಾ ಬಾ ಬಾ!”

ಆಯಿ ಅಲ್ಲೇ ಇದ್ದಾಳೆ! ಆ ಕಡೆ ಹೆಜ್ಜೆ ಹಾಕಿದೆ. ಹಿಂದೆ ಗೊರಸಿನ ಸದ್ದು. ತಿರುಗಿದರೆ ಕುರಿಗಳು. ಆಯಿ ಮೇಯಲು ಬಿಡಲೆಂದು ದಡ್ಡಿ ತೆರೆದಿದ್ದಳು. ಅವು ಕೂಗು ಕೇಳಿ ಎದ್ದು ಬಂದಿದ್ದವು. ಒಂದೂ ಸದ್ದು ಮಾಡದೆ, ನನ್ನ ಮುಖವನ್ನೇ ನೋಡುತ್ತ.

“ನಿಂದ್ರಣ್ಣಾ! ಒಂದ ಹೆಜ್ಜಿ ಇಡಬ್ಯಾಡ!” ವಿಜಿಯ ಚೀರು.

ನಿಂತೆ. ಎರಡು ಮಾರು ಮುಂದೆ ಕಾಕಾ ತೋಡಿಸಿದ ಕೃಷಿಹೊಂಡ. ಪ್ಲಾಸ್ಟಿಕ್ ಹಾಸಿದ ದಡ. ಜಾರಿದರೆ ಆನೆಯೂ ಹತ್ತಲಾರದು. ಒಂದು ಮರಿ ನನ್ನನ್ನು ದಾಟಿ ಹೋಗಿ ಜಾರಿಯೇಬಿಟ್ಟಿತು. ಮಂಜಿನೊಳಗಿಂದ ಬಂದ ಆಯಿ ಬೋರಲು ಮಲಗಿ, ಕೋಲಿನ ಕೊಕ್ಕೆಗೆ ಅದರ ಕಾಲು ಸಿಕ್ಕಿಸಿ ಎಳೆದಳು. ನಾನು ಆಯಿಯ ಕಾಲು ಹಿಡಿದುಕೊಂಡಿದ್ದೆ. (ಎರಡೂ ಅರ್ಥದಲ್ಲಿ.)

“ಆಯಿ, ನೀ ಯಾಕ ಈ ಕಡಿಂದ ಕೂಗಿದಿ?” ಎಂದೆ.

ಆಯಿ ಪಿಸುಗುಟ್ಟಿದಳು, “ನಾ ಎಲ್ಲಿ ಕೂಗಲೋ? ನಿನ್ನಿ ಸಂಜಿಯಿಂದ ಗಂಟಲ ಕಟ್ಟೈತಿ. ದನೀನ ಇಲ್ಲ.”

“ನಾ ಕೇಳಿದ್ದು ಒಂದ ಕೂಗು,” ಎಂದಳು ವಿಜಿ. “ನಿಂದು.”

ಹಾಗಾದರೆ ನಾನು ಕೇಳಿದ್ದು ಯಾರ ಕೂಗನ್ನು? ನಮ್ಮ ಹೊಲದಲ್ಲಿ ಮಾರ್ದನಿ ಕೊಡಲು ಗುಡ್ಡವಿಲ್ಲ. ಇಷ್ಟು ವರ್ಷ ಎಲ್ಲರ ಮಿಮಿಕ್ರಿ ಮಾಡಿದವನ ಮಿಮಿಕ್ರಿಯನ್ನು ಅಂದು ಅವನ ಕಿವಿಯೇ ಮಾಡಿತ್ತು. ಹಾಗೆಂದು ಹಗಲಲ್ಲಿ ನಂಬುತ್ತೇನೆ.

ವಿಜಿ ಮರ ಮುಟ್ಟಿ, ನಾನು ಬಾರದ್ದು ನೋಡಿ, ಅದೇ ಮುಳ್ಳು ಹಿಡಿದು ದಡ್ಡಿಗೆ ಮರಳಿದ್ದಳು. ಗೊರಸಿನ ಸದ್ದು ಹೊಂಡದ ಕಡೆ ಹೊರಟದ್ದು ಕೇಳಿ ಚೀರಿದ್ದಳು. ಆದರೆ ಅವಳ ಮುಖವೂ ಬಿಳಚಿತ್ತು. “ಅರ್ಧ ದಾರ್ಯಾಗ ಮುಳ್ಳ ಕೆಟ್ಟೈತಿ ಅನಿಸ್ತಣ್ಣಾ. ಮೈ ಎಲ್ಲಾ ‘ಎಡಕ್ಕ ತಿರುಗು’ ಅಂತಿತ್ತು. ಹಲ್ಲ ಕಚ್ಚಿ ಮುಳ್ಳಿನ ಮಾತ ಕೇಳಿದೆ.”

ತನ್ನನ್ನೇ ನಂಬದಿರುವ ವಿದ್ಯೆಯನ್ನು ಮೈಯನ್ನು ನಂಬುವ ಚಟ ಬೇರೂರುವ ಮುನ್ನವೇ ಕಲಿಯಬೇಕು ಎಂಬುದಕ್ಕೆ ಇನ್ನೇನು ಬೇಕು? ಆದರೆ ಆಯಿ ಯಾವ ಮುಳ್ಳೂ ಇಲ್ಲದೆ ಬಂದಳಲ್ಲ! ಕೇಳಿದ್ದಕ್ಕೆ, “ತಂಪ ಗಾಳಿ ಯಾವ ಗಲ್ಲಕ್ಕ ಬಡಿತೈತಿ ಅನ್ನೂದು ಗೊತ್ತಿಲ್ಲೇನು?” ಎಂದಳು. ನಲವತ್ತು ವರ್ಷ ಹೊರಗೆ ನೋಡಿ ಪಳಗಿದವಳು. ಎರಡನೆಯ ಗುರು ಹೇಳುವುದೂ ಇದನ್ನೇ. ಮೊದಲಿಂದಲೂ ತಲೆಯನ್ನು ಡಯಲಿಗೆ ಅಂಟಿಸಿದವಳು ಎದುರಿನ ವಿಮಾನವನ್ನು ನೋಡುವುದು ಯಾವಾಗ? ನಾಲ್ಕು ತಾಸು ಕಲಿತು ‘ಮೋಡಕ್ಕೂ ನುಗ್ಗಬಲ್ಲೆ’ ಎಂಬ ಹುಂಬ ಧೈರ್ಯ ಬಂದುಬಿಟ್ಟರೆ? ಮೂರು ದಿನ ಕಲಿತ ಕೂಗಿನಿಂದ ನಾನು ಮಾಡಿದ್ದೂ ಅದೇ ತಾನೆ?

ಭಾನುವಾರ ಸಂಜೆ ವಿಜಿ ಫೋನ್ ಮಾಡಿ ‘ಈಗಲೇ ಶುರು ಮಾಡುತ್ತೇನೆ’ ಎಂದು ತರಬೇತಿ ಶಾಲೆಗೆ ತಿಳಿಸಿದಳು. ದಿನವೂ ಸ್ವಲ್ಪ ಸ್ವಲ್ಪ; ಮೋಡಕ್ಕೆ ನುಗ್ಗಲಿಕ್ಕಲ್ಲ, ಸಿಕ್ಕಿಬಿದ್ದರೆ ತಿರುಗಿ ಹೊರಬರಲಿಕ್ಕೆ. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದನ್ನು ನನಗೆ ಯಾವ ಗುರುವೂ ಕಲಿಸಿಲ್ಲ.

“ಇಷ್ಟ ಯಾಕ ಅವಸರಬೇ? ಮದ್ಲ ನೂರ ತಾಸು ಹಾರ್ಸು, ಆಮ್ಯಾಲ ಕಲಿಯಾಕ ಬರತೈತಿ,” ಎಂದೆ.

ಫೋನು ಕೆಳಗಿಟ್ಟು ಅವಳೆಂದಳು: “ಮೋಡ ನನ್ನ ಲಾಗ್‌ಬುಕ್ಕಿನಾಗ ತಾಸ ಎಣಿಸಿ ಬರತೈತೇನಣ್ಣಾ?”