ಅಮ್ಮ ಬಿಸಿಲಿಗಿಟ್ಟ ಟೋನರ್

ಹೊನ್ನಾವರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮಂಡಿನೋವಿನಿಂದ ಮೀನಿನ ಬುಟ್ಟಿ ಕೆಳಗಿಳಿಸಿದ ಮೇಲೆ ಅಮ್ಮನೂ ಅಲ್ಲೇ ಬಂದು ಕೂರತೊಡಗಿದಳು. ಕೂತಳು ಅಂದೆನೇ? ಮೀನು ಮಾರ್ಕೆಟ್ಟನ್ನೇ ಆಳಿದವಳಿಗೆ ಸುಮ್ಮನೆ ಕೂರಲು ಎಲ್ಲಿ ಬರುತ್ತದೆ! ಬಂದ ವಾರದಲ್ಲೇ ಪ್ರಿಂಟರ್ ಅವಳ ಅಧೀನಕ್ಕೆ ಹೋಯಿತು.

ಅಕ್ಷರ ಮಸುಕಾದರೆ ನಾನು ಹೊಸ ಟೋನರಿಗೆ, ಅಂದರೆ ಮಸಿಪುಡಿಯ ಡಬ್ಬಿಗೆ, ಕೈ ಹಾಕುವವಳು. ಅಮ್ಮ ಬಿಡಬೇಕಲ್ಲ. ಹಳೆಯದನ್ನು ಹೊರಗೆ ತೆಗೆಸಿ, ಮೊರದಲ್ಲಿ ಅಕ್ಕಿ ಕೇರುವ ಹದದಲ್ಲಿ ಎಡಕ್ಕೂ ಬಲಕ್ಕೂ ತೂಗುತ್ತಿದ್ದಳು. ಒಳಗಿನ ಪುಡಿ ಸಮನಾಗಿ ಹರಡಿ ಇನ್ನೊಂದಷ್ಟು ಹಾಳೆ ಕಪ್ಪಗೆ ಬರುತ್ತಿತ್ತು. ಕರಟ ಕಾಣುವವರೆಗೆ ಕಾಯಿ ತುರಿಯುವವಳ ಮುಂದೆ ಪ್ರಿಂಟರಿನ ಎಚ್ಚರಿಕೆ ದೀಪದ ಆಟ ನಡೆಯಲಿಲ್ಲ.

ಈ ಸಲ ಮಳೆಗಾಲಕ್ಕೆ ಮುಂಚೆ ಒಂದು ಹೊಸ ಟೋನರ್ ತಂದು ಮನೆಯಲ್ಲಿಟ್ಟೆ. ಊರವರು ಮಕ್ಕಳನ್ನು ಶಾಲೆಗೆ ಸೇರಿಸುವಾಗಿನ ಜೆರಾಕ್ಸ್ ಗದ್ದಲದಲ್ಲಿ ಅದೇ ನನಗೆ ಆಧಾರ. ಮರುದಿನ ಅಮ್ಮ ಅಂಗಡಿಗೆ ಬರದೆ ಮನೆಯಲ್ಲೇ ಉಳಿದಳು. ನಾನು ಊಟಕ್ಕೆ ಬಂದು ನೋಡಿದರೆ, ಅಂಗಳದ ಚಾಪೆಯ ಮೇಲೆ ಒಂದು ಕಡೆ ಸೀಗಡಿ, ಇನ್ನೊಂದು ಕಡೆ ಹುಳಿಗೆ ಹಾಕುವ ಮುರುಗಲ ಸಿಪ್ಪೆ, ನಡುವೆ ಕವರೂ ಮುಚ್ಚಳವೂ ಕಳಚಿದ ನನ್ನ ಟೋನರ್, ರೋಲರ್ ಹೊಳೆಸುತ್ತ ಬಿಸಿಲು ಕಾಯಿಸುತ್ತಿತ್ತು.

"ಅಮ್ಮಾ, ಎಂತ ಮಾಡ್ದೆ ಇದು!"

"ಮಳೆಗಾಲಕ್ಕೆ ಇಡೂ ಸಾಮಾನು ಒಣಗ್ಸದೇ ಡಬ್ಬಕ್ಕೆ ಹಾಕ್ತಾರಾ? ತಂಡಿ ಹಿಡೀತದೆ."

ಅಕ್ಷರ ಮೂಡಿಸುವ ಆ ರೋಲರಿಗೆ ಬೆಳಕೇ ಆಗದು. ಅಂಗಡಿಗೆ ಒಯ್ದು ಪ್ರಿಂಟರಿಗೆ ಹಾಕಿ ನೋಡಿದರೆ ಹಾಳೆಗೆ ಅಡ್ಡಡ್ಡ ಕಪ್ಪು ಪಟ್ಟಿ. ಸಂಜೆ ಮನೆಗೆ ಬಂದವಳೇ ಸಿಟ್ಟಿನಲ್ಲಿ, "ನಾಳೆಯಿಂದ ನೀ ಅಂಗಡಿಗೆ ಬರೂದೇ ಬೇಡ" ಎಂದುಬಿಟ್ಟೆ. ಅಮ್ಮ ಅಂಗಳದ ಚಾಪೆ ಮಡಚಿಕೊಂಡು ಒಳಗೆ ಹೋದಳು. ಮಾರ್ಕೆಟ್ಟಿನಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದವಳು ಹಾಗೆ ಎದ್ದು ಹೋದದ್ದು ಕಂಡು ನನಗೇ ಹೆದರಿಕೆಯಾಯಿತು.

ರಿಪೇರಿಯವರಿಗೆ ಫೋನು ಮಾಡಿದೆ. ಕೆಲವು ದಿನ ಕತ್ತಲಲ್ಲಿಡಿ, ಹಣೆಬರಹ ಚೆನ್ನಾಗಿದ್ದರೆ ಸುಧಾರಿಸೀತು ಎಂದರು. ಕಪ್ಪು ಕವರಿನಲ್ಲಿ ಸುತ್ತಿ, ಅಂಗಡಿಯ ಕಪಾಟಿನಲ್ಲಿ ಮಲಗಿಸಿ ಬೀಗ ಹಾಕಿದೆ, ಅಮ್ಮನಿಗೂ ಹೇಳಿದೆ. ಅಷ್ಟೂ ದಿನ ಅಮ್ಮ ಮನೆಯಲ್ಲಿ, ನಾನು ಅಂಗಡಿಯಲ್ಲಿ. ಹಳೆಯ ಟೋನರನ್ನು ಎಷ್ಟು ತೂಗಿದರೂ ನನ್ನ ಕೈಗೆ ಅವಳ ಹದ ಬರಲಿಲ್ಲ. ಪಕ್ಕದ ಖಾಲಿ ಸ್ಟೂಲು ನೋಡಿದಾಗಲೆಲ್ಲ ಬೇಜಾರಾಗುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಹೊಸದನ್ನು ಹಾಕಿದರೆ ಹಾಳೆ ಸ್ವಚ್ಛವಾಗಿ ಬಂತು. ಅದನ್ನೇ ಹಿಡಿದು ಮನೆಗೆ ಓಡಿದೆ. ಅಮ್ಮ ಓದು ಕಲಿತವಳಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮೀನಿನ ಕಿವಿರು ನೋಡುವಂತೆ ಅಂಚು ಎತ್ತಿ ನೋಡಿದಳು.

"ಪಟ್ಟಿ ಇಲ್ಲ. ಆತು" ಎಂದು ಎದ್ದು ಚಪ್ಪಲಿ ಹುಡುಕಿದಳು. ಮೆಟ್ಟಿಕೊಂಡವಳೇ ನನ್ನ ಮುಂದೆ ಕೈ ಚಾಚಿದಳು: "ಆ ಕಪಾಟಿನ ಬೀಗದ ಕೈ ಕೊಡು. ನಿನ್ ಕೈಲಿ ಸಾಮಾನು ಉಳಿಯೂದಿಲ್ಲ."